ಎದೆಯೊಳಗಿನ ಮೋಟಾರು: ಚಿಕ್ಕಪ್ಪನ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ

ನಮ್ಮ ಚಿಕ್ಕಪ್ಪನ ಗದ್ದೆ ಮದ್ದೂರು ತಾಲ್ಲೂಕಿನಲ್ಲಿದೆ. ಪಂಪ್ ಮನೆ ಮುಂದೆ ನಿಂತರೆ ಮೈಸೂರು–ಬೆಂಗಳೂರು ಹೆದ್ದಾರಿ ಕಾಣುತ್ತದೆ. ಹೋದ ಸಲ ಊರಿಗೆ ಹೋದಾಗ ಕಬ್ಬಿಗೆ ನೀರು ಬಿಟ್ಟು ಅಲ್ಲೇ ಕೂತಿದ್ದೆವು. ಹೆದ್ದಾರಿಯಲ್ಲಿ ಮುಂದೆ ಪೊಲೀಸ್ ಜೀಪು, ಹಿಂದೆ ಆಂಬುಲೆನ್ಸು, ಸೈರನ್ ಹಾಕಿಕೊಂಡು ಬೆಂಗಳೂರಿನ ಕಡೆ ಓಡಿದವು. ‘ಝೀರೋ ಟ್ರಾಫಿಕ್ ಮಾಡಿದ್ದಾರೆ, ಯಾರದ್ದೋ ಹೃದಯವೋ ಲಿವರ್ರೋ ಹೋಗುತ್ತಿರಬೇಕು’ ಅಂದೆ. ಮೈಸೂರಿನ ಆಸ್ಪತ್ರೆಗಳಿಂದ ಹೀಗೆ ಬೆಂಗಳೂರಿಗೆ ಹೃದಯ ಹೋದದ್ದುಂಟು.

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: ‘ಅಲ್ಲ ಮಗ, ಬೋರ್‌ವೆಲ್ ಮೋಟ್ರು ಸುಟ್ಟೋದ್ರೆ ಎತ್ತಿ ಬ್ಯಾರೇದ್ ಇಳಿಸ್ತೀವಿ. ನಂದೂ ಹಂಗೇ ಬದ್ಲಾಯಿಸ್‌ಬುಟ್ರೆ ಆಗಾಕಿಲ್ವಾ?’

ಕೇಳಿದ್ದು ತಮಾಷೆಗಲ್ಲ. ಅವರಿಗೆ 58 ವರ್ಷ. ಒಂದು ರಾತ್ರಿ ಎದೆ ಉರಿ ಬಂತು. ಗ್ಯಾಸ್ ಇರಬೇಕು ಅಂತ ಜೀರಾ ಸೋಡಾ ಕುಡಿದು ಮಲಗಿದರು. ಬೆಳಗ್ಗೆ ಹೊತ್ತಿಗೆ ಹೃದಯದ ಸ್ನಾಯುವಿನ ಒಂದು ಭಾಗ ಸತ್ತಿತ್ತು. ಮೈಸೂರಿನಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿದ ಡಾಕ್ಟರು ‘ಪಂಪಿಂಗ್ 25 ಇದೆ’ ಅಂದರು. ಅವತ್ತಿನಿಂದ ಚಿಕ್ಕಪ್ಪ ತಾನು ನೂರಕ್ಕೆ 25 ತೆಗೆದು ಫೇಲಾದವನು ಅಂದುಕೊಂಡಿದ್ದಾರೆ.

ಮೊದಲು ಆ ಲೆಕ್ಕ ಸರಿ ಮಾಡೋಣ. ಹೃದಯದ ಎಡಗಡೆಯ ಕೆಳಕೋಣೆಯಲ್ಲಿ ಒಂದು ಸಲಕ್ಕೆ ಸುಮಾರು 120 ಮಿಲಿ ರಕ್ತ ತುಂಬುತ್ತದೆ. ಹಿಂಡಿದಾಗ ಹೊರಗೆ ಹೋಗುವುದು ಸುಮಾರು 70 ಮಿಲಿ. ಉಳಿದದ್ದು ಒಳಗೇ ಇರುತ್ತದೆ. ಗಟ್ಟಿಮುಟ್ಟಾದ ಹೃದಯವೂ ಪೂರ್ತಿ ಖಾಲಿ ಆಗುವುದಿಲ್ಲ. ಒಳಗಿದ್ದದ್ದರಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ಹೋಯಿತು ಅನ್ನುವುದೇ ಈ ‘ಪಂಪಿಂಗ್’. ಸರಿಯಾಗಿರುವವರಲ್ಲಿ ಅದು 55ರಿಂದ 70. ನೂರು ಯಾರಿಗೂ ಇಲ್ಲ. ಹಾಗಾಗಿ 25 ಅಂದರೆ ಕಾಲು ಭಾಗ ಉಳಿದಿದೆ ಅಂತಲ್ಲ, ಆರೋಗ್ಯವಂತರ ಅರ್ಧದ ಹತ್ತಿರ. ಅದೇನೂ ಸಣ್ಣ ವಿಷಯವಲ್ಲ. ಕಾಲು ಊದುತ್ತದೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ಮೆಟ್ಟಿಲು ಹತ್ತಲು ಆಗುವುದಿಲ್ಲ. ಆದರೆ 25 ಅಂದ ತಕ್ಷಣ ಕಥೆ ಮುಗಿದಂತಲ್ಲ. ಕಸಿ ಮಾಡಲೇಬೇಕು ಅಂತಲೂ ಅಲ್ಲ.

ಇನ್ನು ಮೋಟಾರಿನ ವಿಷಯ.

ಹೊಲಿಗೆ ಕಷ್ಟವಲ್ಲ

ಪಂಪು ಅನ್ನುವ ಹೋಲಿಕೆ ತಪ್ಪಲ್ಲ. ಹೃದಯ ಮಾಡುವ ಕೆಲಸ ಅದೊಂದೇ. ದಿನಕ್ಕೆ ಹೆಚ್ಚುಕಮ್ಮಿ ಒಂದು ಲಕ್ಷ ಸಲ ಬಡಿಯುತ್ತದೆ, ಸುಮ್ಮನೆ ಕೂತಿದ್ದಾಗಲೂ ನಿಮಿಷಕ್ಕೆ ಐದು ಲೀಟರ್ ರಕ್ತ ತಳ್ಳುತ್ತದೆ. ಲಿವರ್, ಕಿಡ್ನಿಗಳ ರಾಸಾಯನಿಕ ಕೆಲಸದ ಮುಂದೆ ಇದು ಸೀದಾ ಸಾದಾ ಅಂಗ. ಬದಲಾಯಿಸುವಾಗ ಕೂಡಿಸಬೇಕಾದ ಪೈಪುಗಳೂ ಬೆರಳೆಣಿಕೆಯಷ್ಟು. ದೇಹದಿಂದ ಹೊಲಸು ರಕ್ತ ತರುವ ಎರಡು ದೊಡ್ಡ ನಾಳ, ಶ್ವಾಸಕೋಶಕ್ಕೆ ಹೋಗುವುದೊಂದು, ಶ್ವಾಸಕೋಶದಿಂದ ಬರುವ ನಾಳಗಳು ಸೇರುವ ಎಡ ಮೇಲ್ಕೋಣೆಯ ಅಂಚು, ಮತ್ತೆ ಮಹಾಧಮನಿ. ಅಷ್ಟೆ. ಅಷ್ಟೂ ಹೊತ್ತು ರಕ್ತ ತಿರುಗಿಸುವ ಕೆಲಸವನ್ನು ಪಕ್ಕದಲ್ಲಿಟ್ಟ ಯಂತ್ರ ಮಾಡುತ್ತದೆ.

ಈ ಹೊಲಿಗೆ ಅರ್ಧ ಶತಮಾನಕ್ಕೂ ಹಿಂದೆಯೇ ಕೈವಶವಾಗಿತ್ತು. 1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮನುಷ್ಯನಿಂದ ಮನುಷ್ಯನಿಗೆ ಮೊದಲ ಸಲ ಹೃದಯ ಕಸಿ ಮಾಡಿದರು. ಹೃದಯ ಚೆನ್ನಾಗಿಯೇ ಬಡಿಯಿತು. ರೋಗಿ 18 ದಿನ ಬದುಕಿ, ನ್ಯುಮೋನಿಯಾದಿಂದ ತೀರಿಕೊಂಡರು. ಎರಡೂವರೆ ತಿಂಗಳಲ್ಲೇ, 1968ರ ಫೆಬ್ರವರಿಯಲ್ಲಿ, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇನ್ ಅದೇ ಪ್ರಯತ್ನ ಮಾಡಿದರು. ಆ ರೋಗಿ ಕೆಲವೇ ಗಂಟೆ ಉಳಿದರು. ಅಷ್ಟು ಬೇಗ ಕೈಹಾಕಿದ ದೇಶ ನಮ್ಮದು. ಆದರೆ ಇಲ್ಲಿ ಯಶಸ್ವಿ ಕಸಿಗೆ ಕಾದದ್ದು ಮತ್ತೆ 26 ವರ್ಷ.

ಯಾಕೆ ಅಷ್ಟು ತಡ? ಕತ್ತರಿ ಸೂಜಿ ಬಾರದೆ ಅಲ್ಲ. ಎರಡು ಬೇರೆ ವಿಷಯಗಳು ಬಗೆಹರಿಯಬೇಕಿತ್ತು. ಹೊಸ ಅಂಗವನ್ನು ದೇಹ ಹೊರಗೆ ತಳ್ಳದಂತೆ ತಡೆಯುವ ಔಷಧಿ ಒಂದು. ಸೈಕ್ಲೋಸ್ಪೋರಿನ್ ಅನ್ನುವ ಮಾತ್ರೆ 1980ರ ದಶಕದಲ್ಲಿ ಬಂತು, ಅಲ್ಲಿಯವರೆಗೆ ಬಹುತೇಕ ದೇಶಗಳು ಕೈಚೆಲ್ಲಿ ಕೂತಿದ್ದವು. ಇನ್ನೊಂದು ಕಾನೂನು. ಹೃದಯ ಬಡಿಯುತ್ತಿರುವ ದೇಹವನ್ನು ‘ಸತ್ತಿದೆ’ ಅಂತ ಹೇಳುವುದು ಹೇಗೆ? ಮೆದುಳು ಸತ್ತರೆ ಮನುಷ್ಯ ಸತ್ತಂತೆಯೇ ಅಂತ ಒಪ್ಪಿದ ಮಾನವ ಅಂಗಾಂಗ ಕಸಿ ಕಾಯ್ದೆಗೆ 1994ರ ಜುಲೈನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ದೇಶದ ಮೊದಲ ಯಶಸ್ವಿ ಹೃದಯ ಕಸಿ ಮಾಡಿದರು. ತಿಂಗಳೊಳಗೆ! ಸರ್ಜನ್‌ಗಳು ತಯಾರಾಗಿಯೇ ಕೂತಿದ್ದರು ಅಂತ ಇದರಲ್ಲೇ ಗೊತ್ತಾಗುತ್ತದೆ.

ಮೆದುಳು ಸಾಯುವುದು ಅಂದರೇನು ಅನ್ನುವುದನ್ನು ಇಲ್ಲಿ ನಿಧಾನವಾಗಿ ಹೇಳಬೇಕು. ನಮ್ಮ ಕಡೆ ಜನ ಇಲ್ಲೇ ಹಿಂಜರಿಯುತ್ತಾರೆ, ಹಿಂಜರಿಯುವುದು ಸಹಜವೂ ಹೌದು. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿರುತ್ತದೆ. ಮೆದುಳಿನ ಕಾಂಡಕ್ಕೆ ರಕ್ತ ಹೋಗುವುದು ನಿಂತು ಅದು ಸಾಯುತ್ತದೆ. ಉಸಿರಾಡು ಅಂತ ಹೇಳುವುದು ಆ ಕಾಂಡವೇ. ಉಸಿರಿನ ಕೆಲಸವನ್ನು ವೆಂಟಿಲೇಟರ್ ಮಾಡುತ್ತಿರುತ್ತದೆ. ಹೃದಯಕ್ಕೆ ಮಾತ್ರ ಮೆದುಳಿನ ಅಪ್ಪಣೆ ಬೇಡ. ಅದರೊಳಗೇ ಸಣ್ಣದೊಂದು ಸ್ಟಾರ್ಟರ್ ಇದೆ, ಆಮ್ಲಜನಕ ಸಿಗುವವರೆಗೂ ತನ್ನ ಪಾಡಿಗೆ ಬಡಿಯುತ್ತದೆ. ಮೈ ಬೆಚ್ಚಗಿರುತ್ತದೆ, ಎದೆ ಏರಿ ಇಳಿಯುತ್ತದೆ. ನೋಡಿದವರಿಗೆ ನಿದ್ದೆ ಮಾಡಿದಂತೆ. ಕೋಮಾ ಬೇರೆ, ಇದು ಬೇರೆ. ಕೋಮಾದಿಂದ ಎದ್ದು ಬಂದವರಿದ್ದಾರೆ. ಇದರಿಂದ ಯಾರೂ ವಾಪಸ್ ಬರುವುದಿಲ್ಲ. ಕಾನೂನಿನ ಪ್ರಕಾರ ನಾಲ್ವರು ಡಾಕ್ಟರುಗಳು ಸೇರಿ, ಕನಿಷ್ಠ ಆರು ಗಂಟೆ ಬಿಟ್ಟು ಎರಡು ಸಲ ಪರೀಕ್ಷೆ ಮಾಡಬೇಕು. ವೆಂಟಿಲೇಟರ್ ಬಿಡಿಸಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೂ ಒಂದೇ ಒಂದು ಉಸಿರು ಬರುವುದಿಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಆಮೇಲೂ ಮನೆಯವರು ಒಪ್ಪಬೇಕು. ಬದುಕಿದ್ದಾಗ ಪ್ರತಿಜ್ಞೆ ಮಾಡಿ ಕಾರ್ಡು ತೆಗೆದುಕೊಂಡಿದ್ದರೂ ಆಸ್ಪತ್ರೆಯವರು ಕೇಳುವುದು ಮನೆಯವರನ್ನೇ. ಹಾಗಾಗಿ ಕಾರ್ಡಿಗಿಂತ, ಊಟಕ್ಕೆ ಕೂತಾಗ ಮನೆಯಲ್ಲಿ ಒಂದು ಮಾತು ಹೇಳಿಡುವುದೇ ಜಾಸ್ತಿ ಕೆಲಸಕ್ಕೆ ಬರುತ್ತದೆ ಅಂತ ನನ್ನ ಅನಿಸಿಕೆ. ನಮ್ಮ ರಾಜ್ಯದಲ್ಲಿ ಯಾರ ಅಂಗ ಯಾರಿಗೆ ಅಂತ ಸರದಿ ನೋಡಿಕೊಳ್ಳುವುದು ‘ಜೀವಸಾರ್ಥಕತೆ’ ಅನ್ನುವ ಸರ್ಕಾರಿ ಸಂಸ್ಥೆ.

2024ರಲ್ಲಿ ಇಡೀ ದೇಶದಲ್ಲಿ ಆದ ಹೃದಯ ಕಸಿ 253. ನಮ್ಮ ಜನಸಂಖ್ಯೆಯ ನಾಲ್ಕನೇ ಒಂದು ಪಾಲೂ ಇಲ್ಲದ ಅಮೆರಿಕದಲ್ಲಿ ವರ್ಷಕ್ಕೆ 4,500ಕ್ಕೂ ಮೇಲೆ ಆಗುತ್ತವೆ. ಚಿಕ್ಕಪ್ಪನಿಗೆ ಈ ಸಂಖ್ಯೆ ಹೇಳಿದಾಗ ಅವರು ಬೋರ್‌ವೆಲ್ ಮಾತು ನಿಲ್ಲಿಸಿದರು. ಮೋಟಾರನ್ನಾದರೆ ಮಂಡ್ಯದ ಅಂಗಡಿಯಲ್ಲಿ ತರಬಹುದು.

ಚಾಮುಂಡಿ ಬೆಟ್ಟ ಹತ್ತುವ ಬೇರೆಯವರ ಹೃದಯ

ಕಸಿಯಲ್ಲಿ ಜೋಡಿಸದೇ ಬಿಡುವುದು ಒಂದಿದೆ, ನರ. ಹೃದಯದ ಸೂಕ್ಷ್ಮ ನರಗಳನ್ನು ಕತ್ತರಿಸಿದ ಮೇಲೆ ಹೊಲಿಯುವುದಕ್ಕೆ ಆಗುವುದಿಲ್ಲ. ಹೊಸ ಹೃದಯ ತನ್ನೊಳಗಿನ ಸ್ಟಾರ್ಟರ್ ನಂಬಿ ಓಡುತ್ತದೆ. ನಮಗೆಲ್ಲ ಮೆದುಳಿನಿಂದ ಬರುವ ಒಂದು ನರ ಸದಾ ಮೆಲ್ಲಗೆ ಬ್ರೇಕ್ ಹಿಡಿದಿರುತ್ತದೆ, ಅದಕ್ಕೇ ನಾಡಿ 70ರ ಆಸುಪಾಸಿನಲ್ಲಿ ಇರುವುದು. ಕಸಿಯಾದವರಿಗೆ ಆ ಬ್ರೇಕ್ ಇಲ್ಲ. ಸುಮ್ಮನೆ ಕೂತಾಗಲೂ ನಾಡಿ 90, 100 ಇರುತ್ತದೆ.

ಅಂಥವರು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಾರೆ ಅಂದುಕೊಳ್ಳಿ. ಹತ್ತುವವರಿದ್ದಾರೆ, ಅದೇನು ಕನಸಲ್ಲ. ನಾವು ಮೊದಲ ಹತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ನರ ಸುದ್ದಿ ಮುಟ್ಟಿಸಿ ಹೃದಯ ಚುರುಕಾಗುತ್ತದೆ. ಅವರ ಹೃದಯಕ್ಕೆ ಸುದ್ದಿ ಹೋಗುವುದು ರಕ್ತದಲ್ಲಿ ಹರಿದು ಬರುವ ಅಡ್ರಿನಲಿನ್‌ನಿಂದ. ಟೆಲಿಫೋನ್ ಬದಲು ಅಂಚೆ ಅಂದ ಹಾಗೆ. ಹಾಗಾಗಿ ಶುರುವಿನಲ್ಲಿ ನಿಧಾನವಾಗಿ ಹತ್ತಬೇಕು, ಐದಾರು ನಿಮಿಷ ಬಿಟ್ಟು ವೇಗ ಹಿಡಿಯಬೇಕು. ನಂದಿಯ ಹತ್ತಿರ ಕೂತು ಸುಧಾರಿಸಿಕೊಂಡರೂ ನಾಡಿ ಬೇಗ ಇಳಿಯುವುದಿಲ್ಲ, ಅಡ್ರಿನಲಿನ್ ಕರಗುವವರೆಗೆ ಓಡುತ್ತಲೇ ಇರುತ್ತದೆ. ಇನ್ನೊಂದು ಮಾತು. ನರ ಇಲ್ಲದ್ದರಿಂದ ಹೊಸ ಹೃದಯದ ರಕ್ತನಾಳ ಕಟ್ಟಿಕೊಂಡರೂ ಎದೆನೋವು ಬರದೇ ಹೋಗಬಹುದು. ನೋವು ಅನ್ನುವ ಕಾವಲುಗಾರನೇ ಕೆಲಸ ಬಿಟ್ಟಿರುತ್ತಾನೆ. ಅದಕ್ಕೇ ಕಾಲಕಾಲಕ್ಕೆ ತಪಾಸಣೆ ತಪ್ಪಿಸುವ ಹಾಗಿಲ್ಲ.

ಕಸಿ ಅನ್ನುವ ಪದವನ್ನು ನಾವು ಮಾವಿನ ಗಿಡದಿಂದ ತಂದದ್ದು. ಮಾವು ಕಸಿ ಮಾಡಿದರೆ ಕೊಂಬೆ ಕೂಡಿಕೊಂಡುಬಿಡುತ್ತದೆ. ಮನುಷ್ಯನ ದೇಹ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ‘ಇದು ನನ್ನದಲ್ಲ’ ಅಂತ ಬಿಳಿ ರಕ್ತಕಣಗಳು ಕಂಡುಹಿಡಿದು ಜಗಳಕ್ಕೆ ನಿಲ್ಲುತ್ತವೆ. ಆ ಜಗಳ ತಣ್ಣಗಿಡಲು ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್‌ನಂಥ ಮಾತ್ರೆಗಳನ್ನು ಬದುಕಿರುವವರೆಗೂ ತಗೋಬೇಕು. ಕಾವಲು ಸಡಿಲವಾದ ಮೇಲೆ ಸೋಂಕುಗಳಿಗೆ ಬಾಗಿಲು ತೆರೆದ ಹಾಗೆ. ರಸ್ತೆ ಬದಿಯ ಪಾನಿಪುರಿ, ಹೆಚ್ಚಿಟ್ಟ ಹಣ್ಣು, ಕಾಯಿಸದ ಹಾಲು, ಯಾವುದೂ ಬೇಡ ಅನ್ನುತ್ತಾರೆ. ಚಕ್ಕೋತ ಹಣ್ಣೂ ಬೇಡ. ಅದರಲ್ಲಿರುವ ಒಂದು ಅಂಶ ಟ್ಯಾಕ್ರೋಲಿಮಸ್ ಕರಗಿಸುವ ಕಿಣ್ವವನ್ನು ಕಟ್ಟಿಹಾಕುತ್ತದೆ, ರಕ್ತದಲ್ಲಿ ಔಷಧಿ ಮಟ್ಟ ಅಪಾಯದಷ್ಟು ಏರುತ್ತದೆ. ಹಿತ್ತಲಲ್ಲಿ ಚಕ್ಕೋತದ ಮರ ಇರುವವರು ಇದನ್ನು ನೆನಪಿಡಬೇಕು.

ಜಗಳ ಶುರುವಾಗಿದೆಯೋ ಇಲ್ಲವೋ ನೋಡಲು ಇಷ್ಟು ವರ್ಷ ಕುತ್ತಿಗೆಯ ನಾಳದಿಂದ ತಂತಿ ಇಳಿಸಿ, ಹೃದಯದ ಒಂದು ಚೂರು ಕಿತ್ತು ಪರೀಕ್ಷೆ ಮಾಡುತ್ತಿದ್ದರು. ಮೊದಲ ವರ್ಷದಲ್ಲಿ ಹಲವು ಸಲ. ಈಗ ಇದಕ್ಕೆ ರಕ್ತಪರೀಕ್ಷೆ ಬಂದಿದೆ. ದಾನಿಯ ಹೃದಯದ ಕಣಗಳು ಸತ್ತಾಗ ಅವುಗಳ ಡಿಎನ್‌ಎ ಚೂರುಗಳು ರಕ್ತಕ್ಕೆ ಬೀಳುತ್ತವೆ. ಅವು ರೋಗಿಯ ಡಿಎನ್‌ಎಗಿಂತ ಬೇರೆಯಾದ್ದರಿಂದ ಲೆಕ್ಕ ಸಿಗುತ್ತದೆ. ಲೆಕ್ಕ ಏರಿತು ಅಂದರೆ ಒಳಗೆ ಏನೋ ನಡೆದಿದೆ. ಚಿಕ್ಕಪ್ಪನಿಗೆ ಇದು ಒಂದೇ ಸಲಕ್ಕೆ ಅರ್ಥವಾಯಿತು. ತೆಂಗಿನ ಕಾಂಡದ ತೂತಿನಿಂದ ನಾರು, ಕಂದು ರಸ ಬಂದರೆ ಒಳಗೆ ಕೆಂಪು ಮೂತಿ ಹುಳು ಸೇರಿದೆ ಅಂತ ಅವರು ಮರ ಕಡಿಯದೆಯೇ ಹೇಳುತ್ತಾರೆ.

ಇಷ್ಟೆಲ್ಲ ಪಾಡು ಪಟ್ಟರೆ ಸಿಗುವುದೇನು? ಕಸಿ ಮಾಡಿಸಿಕೊಂಡ ದೊಡ್ಡವರಲ್ಲಿ ಅರ್ಧದಷ್ಟು ಜನ 12 ವರ್ಷಕ್ಕೂ ಹೆಚ್ಚು ಬದುಕುತ್ತಾರೆ ಅಂತ ಅಂತರರಾಷ್ಟ್ರೀಯ ದಾಖಲೆಗಳು ಹೇಳುತ್ತವೆ. ವರ್ಷ ಕಳೆಯುವುದೇ ಕಷ್ಟ ಅನ್ನಿಸಿಕೊಂಡವರಿಗೆ ಅದು ದೊಡ್ಡ ಬೋನಸ್ಸು. ಆದರೂ ಒಂದು ಕಾಯಿಲೆ ಕೊಟ್ಟು, ಸಂಭಾಳಿಸಬಹುದಾದ ಇನ್ನೊಂದು ಕಾಯಿಲೆ ತೆಗೆದುಕೊಂಡ ಹಾಗೆ ಅದು. ರಿಪೇರಿ ಅಂತ ನಾನಂತೂ ಕರೆಯುವುದಿಲ್ಲ.

ಐಸ್ ಪೆಟ್ಟಿಗೆ, ಹಂದಿ, ಪ್ಲಂಬರ್ ಮಗ

ಝೀರೋ ಟ್ರಾಫಿಕ್ ಯಾಕೆ ಅಂದರೆ, ತೆಗೆದ ಹೃದಯ ಐಸಿನಲ್ಲಿ ಸುಮಾರು ನಾಲ್ಕು ಗಂಟೆ ಮಾತ್ರ ತಡೆಯುತ್ತದೆ. ಕಿಡ್ನಿ ಒಂದು ದಿನದವರೆಗೂ ತಡೆದೀತು, ಹೃದಯಕ್ಕೆ ಆ ಸಹನೆ ಇಲ್ಲ. ಇಷ್ಟು ದುಬಾರಿ ಶಸ್ತ್ರಚಿಕಿತ್ಸೆಯಲ್ಲಿ ಅತಿ ಮುಖ್ಯವಾದ ವಸ್ತು ಹೆಚ್ಚುಕಮ್ಮಿ ಐಸ್‌ಕ್ರೀಮ್ ಪೆಟ್ಟಿಗೆಯಂಥದರಲ್ಲಿ ಪ್ರಯಾಣ ಮಾಡುತ್ತಿತ್ತು ಅನ್ನುವುದೇ ಒಂಥರಾ ಆಶ್ಚರ್ಯ. ಕಳೆದ ಹತ್ತು ಹದಿನೈದು ವರ್ಷಗಳ ಸಂಶೋಧನೆಯ ದೊಡ್ಡ ಪಾಲು ಈ ಪೆಟ್ಟಿಗೆಯ ಮೇಲೇ ನಡೆದಿದೆ.

ಒಂದು ಬಗೆಯ ಪೆಟ್ಟಿಗೆಯಲ್ಲಿ ಹೃದಯವನ್ನು ತಣ್ಣಗಿಡುತ್ತಾರೆ, ಆದರೆ ಆಮ್ಲಜನಕ ಬೆರೆಸಿದ ದ್ರವ ಹಾಯಿಸುತ್ತಲೇ ಇರುತ್ತಾರೆ. 2024ರ ಆರಂಭದಲ್ಲಿ ಫ್ರೆಂಚ್ ವೆಸ್ಟ್ ಇಂಡೀಸ್‌ನಿಂದ ಪ್ಯಾರಿಸ್‌ಗೆ, ಅಟ್ಲಾಂಟಿಕ್ ಸಾಗರ ದಾಟಿ, ಮಾಮೂಲಿ ಪ್ರಯಾಣಿಕರ ವಿಮಾನದಲ್ಲಿ ಒಂದು ಹೃದಯ ಹೀಗೆ ಬಂತು. ಹೊರಗೆ ಇದ್ದದ್ದು 12 ಗಂಟೆ. ಕೂಡಿಸಿದ ಮೇಲೆ ಚೆನ್ನಾಗಿ ಬಡಿಯಿತು. ಇನ್ನೊಂದು ಬಗೆಯ ಪೆಟ್ಟಿಗೆಯಲ್ಲಿ ಬೆಚ್ಚಗಿನ ರಕ್ತ ಹಾಯಿಸುತ್ತಾರೆ, ಹೃದಯ ಪೆಟ್ಟಿಗೆಯೊಳಗೇ ಬಡಿಯುತ್ತಾ ಬರುತ್ತದೆ. ಇದರಿಂದ ಇನ್ನೂ ದೊಡ್ಡದೊಂದು ಬಾಗಿಲು ತೆರೆಯಿತು. ಮೊದಲು ಬಡಿಯುತ್ತಿರುವ ಹೃದಯವನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು. ವೆಂಟಿಲೇಟರ್ ತೆಗೆದ ಮೇಲೆ ತಾನಾಗಿ ನಿಂತುಹೋದ ಹೃದಯವನ್ನೂ ಕೆಲವು ನಿಮಿಷ ಕಾದು, ತೆಗೆದು, ಪೆಟ್ಟಿಗೆಯಲ್ಲಿ ಮತ್ತೆ ಬಡಿಸಿ ನೋಡಿ ಕಸಿ ಮಾಡಬಹುದು ಅಂತ 2014ರಲ್ಲಿ ಸಿಡ್ನಿಯ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯವರು ತೋರಿಸಿದರು. ಇಂಥ ಹೃದಯ ಕಳಪೆಯೇನೋ ಅನ್ನುವ ಅನುಮಾನ ಇತ್ತು. 2023ರಲ್ಲಿ ಅಮೆರಿಕದ ಪ್ರಯೋಗವೊಂದರ ಲೆಕ್ಕ ಬಂತು. ಆರು ತಿಂಗಳ ನಂತರ ಬದುಕಿದ್ದವರು ಈ ಗುಂಪಿನಲ್ಲಿ ನೂರಕ್ಕೆ 94, ಹಳೇ ವಿಧಾನದ ಗುಂಪಿನಲ್ಲಿ 90. ಅನುಮಾನ ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಮಾತ್ರ ಹೃದಯ ಸಿಗುವುದು ಸಾಮಾನ್ಯವಾಗಿ ಮೆದುಳು ಸತ್ತವರಿಂದಲೇ.

ಹಂದಿ ಹೃದಯದ ಸುದ್ದಿ ನಿಮಗೆ ವಾಟ್ಸಾಪಿನಲ್ಲಿ ಬಂದಿರುತ್ತದೆ. 2022ರ ಜನವರಿ 7ರಂದು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 57 ವರ್ಷದ ಒಬ್ಬರಿಗೆ ಹಂದಿಯ ಹೃದಯ ಕೂಡಿಸಿದರು. ಆ ಹಂದಿಯ ಹತ್ತು ಜೀನ್‌ಗಳನ್ನು ತಿದ್ದಿದ್ದರು. ನಮ್ಮ ದೇಹವನ್ನು ಕೆರಳಿಸುವ ಮೂರನ್ನು ತೆಗೆದು, ಮನುಷ್ಯರ ಆರನ್ನು ಸೇರಿಸಿದ್ದರು. ಹತ್ತನೆಯದು ಬೆಳವಣಿಗೆಯದು. ಅದನ್ನು ನಿಲ್ಲಿಸದಿದ್ದರೆ ಎದೆಗೂಡಿನೊಳಗೆ ಹೃದಯ ಹಂದಿಯ ಲೆಕ್ಕಕ್ಕೇ ಬೆಳೆದುಬಿಡುತ್ತದೆ. ಅವರು ಎರಡು ತಿಂಗಳು ಬದುಕಿದರು. ಹಂದಿಗೆ ಬರುವ ಒಂದು ವೈರಸ್ ಆ ಹೃದಯದಲ್ಲಿ ಅಡಗಿತ್ತು ಅಂತ ಆಮೇಲೆ ಗೊತ್ತಾಯಿತು. 2023ರಲ್ಲಿ ಎರಡನೆಯವರು ಆರು ವಾರದ ಹತ್ತಿರ ಬದುಕಿದರು. ಇದಕ್ಕೆಲ್ಲ 25 ವರ್ಷ ಮೊದಲೇ, 1997ರಲ್ಲಿ, ಅಸ್ಸಾಮಿನ ಡಾ. ಧನಿರಾಮ್ ಬರುವಾ ಹಂದಿ ಹೃದಯ ಕಸಿ ಮಾಡಿ, ರೋಗಿ ಏಳು ದಿನಕ್ಕೆ ತೀರಿಕೊಂಡು, ತಾವು 40 ದಿನ ಜೈಲಿನಲ್ಲಿದ್ದರು. ಜೀನ್ ತಿದ್ದುವ ವಿದ್ಯೆ ಇಲ್ಲದ ಕಾಲದಲ್ಲಿ ಅದು ಧೈರ್ಯವಲ್ಲ, ದುಡುಕು ಅಂತಲೇ ನನಗೆ ಅನ್ನಿಸುವುದು.

ಚಿಕ್ಕಪ್ಪನ ಕಿವಿ ನಿಮಿರಿದ್ದು ಕಬ್ಬಿಣದ, ಅಲ್ಲಲ್ಲ, ಟೈಟಾನಿಯಂ ಹೃದಯದ ಮಾತಿಗೆ. ಡೇನಿಯಲ್ ಟಿಮ್ಸ್ ಅನ್ನುವ ಆಸ್ಟ್ರೇಲಿಯಾದ ಎಂಜಿನಿಯರ್. ಅಪ್ಪ ಪ್ಲಂಬರ್, ಹೃದಯ ಸೋತು ತೀರಿಕೊಂಡವರು. ಅಪ್ಪ ಮಗ ಸೇರಿ ಹಾರ್ಡ್‌ವೇರ್ ಅಂಗಡಿಯ ಪೈಪುಗಳನ್ನು ಜೋಡಿಸಿ ಮೊದಲ ಮಾದರಿಗಳನ್ನು ಪರೀಕ್ಷೆ ಮಾಡಿದ್ದರಂತೆ. ಅದು ಬೆಳೆದು ಬೈವಾಕರ್ ಅನ್ನುವ ಯಂತ್ರವಾಯಿತು. ಒಳಗೆ ತಿರುಗುವುದು ಒಂದೇ ಒಂದು ಚಕ್ರ. ಅದೂ ಅಯಸ್ಕಾಂತದ ಬಲದಲ್ಲಿ ಗಾಳಿಯಲ್ಲಿ ನಿಂತಂತೆ, ಯಾವುದಕ್ಕೂ ತಾಗದೆ ತಿರುಗುತ್ತದೆ. ಸವೆಯುವ ಬೇರಿಂಗೂ ಇಲ್ಲ, ವಾಲ್ವೂ ಇಲ್ಲ. ‘ಸಬ್‌ಮರ್ಸಿಬಲ್‌ದು ಇಂಪೆಲ್ಲರ್ ಇದ್ದಂಗೆ ಅನ್ನು’ ಅಂದರು ಚಿಕ್ಕಪ್ಪ. ಅದೇ. 2024ರ ಜುಲೈನಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಮೊದಲ ಸಲ ಮನುಷ್ಯನಿಗೆ ಹಾಕಿದರು. ಅದೇ ವರ್ಷ ನವೆಂಬರಿನಲ್ಲಿ ಸಿಡ್ನಿಯಲ್ಲಿ ಹಾಕಿಸಿಕೊಂಡ ಒಬ್ಬರು ಅದರ ಬಲದ ಮೇಲೆ ಆಸ್ಪತ್ರೆಯಿಂದ ಹೊರಗೂ ಬಂದು, 100 ದಿನಕ್ಕೂ ಮೇಲೆ ಕಾದು, ದಾನಿಯ ಹೃದಯ ಪಡೆದರು. ಸದ್ಯಕ್ಕೆ ಅದು ಕಾಯುವವರಿಗೆ ಸೇತುವೆ. ಬ್ಯಾಟರಿ ಬೇಕು, ಚಾರ್ಜು ಬೇಕು. ‘ಸರಿ, ತ್ರೀ ಫೇಸ್ ಬರೋದು ರಾತ್ರಿ ಹನ್ನೊಂದಕ್ಕೆ, ಅಲ್ಲೀಗಂಟ ಏನ್ ಮಾಡದು?’ ಅಂತ ಚಿಕ್ಕಪ್ಪ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾಲ್ಕು ಮಾತ್ರೆ

ಚಿಕ್ಕಪ್ಪನಿಗೆ ಕಸಿ ಬೇಕಾಗಿಲ್ಲ, ಈಗಂತೂ ಇಲ್ಲ. ಕಸಿ ಅನ್ನುವುದು ಬೇರೆಲ್ಲ ದಾರಿ ಮುಚ್ಚಿದ ಮೇಲೆ. ಅವರಿಗೆ ಡಾಕ್ಟರು ಬರೆದುಕೊಟ್ಟದ್ದು ನಾಲ್ಕು ಬಗೆಯ ಮಾತ್ರೆ. ಸುದ್ದಿಯಾಗದ, ಆದರೆ ಹಂದಿ ಹೃದಯಕ್ಕಿಂತ ಸಾವಿರಾರು ಪಟ್ಟು ಜಾಸ್ತಿ ಜನರನ್ನು ಉಳಿಸಿರುವ ಸಂಶೋಧನೆ ಇಲ್ಲಿದೆ.

ಹೃದಯ ಸೋತಾಗ ದೇಹ ಗಾಬರಿಯಾಗುತ್ತದೆ. ರಕ್ತ ಸಾಲದು ಅಂತ ನಾಳಗಳನ್ನು ಬಿಗಿ ಮಾಡುತ್ತದೆ, ಉಪ್ಪು ನೀರು ಹಿಡಿದಿಡುತ್ತದೆ, ಹೃದಯವನ್ನು ಇನ್ನೂ ಜೋರಾಗಿ ಓಡಿಸುತ್ತದೆ. ಸುಸ್ತಾದ ಎತ್ತಿಗೆ ಚಾಟಿ ಬೀಸಿದ ಹಾಗೆ. ಹಳೆಯ ಮೂರು ಬಗೆಯ ಮಾತ್ರೆಗಳು ಆ ಚಾಟಿಯನ್ನು ಕಸಿದುಕೊಳ್ಳುತ್ತವೆ. ನಾಲ್ಕನೆಯದರ ಕಥೆ ಸ್ವಾರಸ್ಯವಾಗಿದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಬಂದದ್ದು ಸಕ್ಕರೆ ಕಾಯಿಲೆಗೆ. ಮೂತ್ರದಲ್ಲಿ ಸಕ್ಕರೆ ಹೊರಗೆ ಹಾಕುವುದು ಅವುಗಳ ಕೆಲಸ. ತೆಗೆದುಕೊಂಡವರಲ್ಲಿ ಹೃದಯದ ತೊಂದರೆಯೂ ಕಮ್ಮಿಯಾದದ್ದು ಕಂಡು, ಸಕ್ಕರೆ ಕಾಯಿಲೆ ಇಲ್ಲದವರಿಗೂ ಕೊಟ್ಟು ನೋಡಿದರು. 2019ರಲ್ಲಿ ಪ್ರಕಟವಾದ, 4,744 ಜನರ ಮೇಲೆ ನಡೆದ ಡಪಾಗ್ಲಿಫ್ಲೋಜಿನ್ ಪ್ರಯೋಗದಲ್ಲಿ ಹೃದಯ ಸೋಲು ಉಲ್ಬಣಿಸುವುದು ಮತ್ತು ಹೃದಯದಿಂದ ಸಾಯುವುದು, ಎರಡೂ ಸೇರಿ ನೂರಕ್ಕೆ 26ರಷ್ಟು ಕಮ್ಮಿಯಾಯಿತು. ಎಂಪಾಗ್ಲಿಫ್ಲೋಜಿನ್ ಪೇಟೆಂಟ್ 2025ರ ಮಾರ್ಚಿನಲ್ಲಿ ಇಲ್ಲಿ ಮುಗಿದು ಬೆಲೆಯೂ ಇಳಿಯಿತು. ಚಿಕ್ಕಪ್ಪನಿಗೆ ಸಕ್ಕರೆ ಇಲ್ಲ. ‘ಶುಗರ್ ಮಾತ್ರೆ ನಂಗ್ಯಾಕೆ’ ಅಂತ ಅದನ್ನು ಒಂದು ತಿಂಗಳು ಡಬ್ಬಿಯಲ್ಲೇ ಬಿಟ್ಟಿದ್ದರು. ಯಾರೂ ಕಾರಣ ಹೇಳಿರಲಿಲ್ಲ.

ಇನ್ನೊಂದು ಗೊಂದಲ. ಪ್ರತಿ ಭೇಟಿಯಲ್ಲೂ ಡೋಸ್ ಜಾಸ್ತಿ ಮಾಡುತ್ತಾರೆ, ಅಂದರೆ ಕಾಯಿಲೆ ಜಾಸ್ತಿಯಾಗಿದೆ ಅಂತ ಮನೆಯವರು ಕಂಗಾಲು. ಹಾಗಲ್ಲ. ಸಣ್ಣ ಡೋಸಿನಿಂದ ಶುರುಮಾಡಿ ಪೂರ್ತಿ ಡೋಸಿಗೆ ಬೇಗ ಮುಟ್ಟುವುದೇ ಈಗಿನ ಕ್ರಮ. 2022ರ ಒಂದು ಪ್ರಯೋಗದಲ್ಲಿ ಆಸ್ಪತ್ರೆಯಿಂದ ಬಿಟ್ಟ ಎರಡೇ ವಾರದಲ್ಲಿ ಪೂರ್ತಿ ಡೋಸಿಗೆ ಏರಿಸಿ, ಪದೇ ಪದೇ ಕರೆಸಿ ನೋಡಿದರು. ಆರು ತಿಂಗಳಲ್ಲಿ ಸತ್ತವರು ಅಥವಾ ಮತ್ತೆ ದಾಖಲಾದವರು ಆ ಗುಂಪಿನಲ್ಲಿ ನೂರಕ್ಕೆ 15, ಮಾಮೂಲಿ ಗುಂಪಿನಲ್ಲಿ 23. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತು ಅಂದರೆ ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಿದರು.

ಹುಷಾರಾದ ಮೇಲೆ ಮಾತ್ರೆ ಬಿಡಬಹುದಾ? ಹಿಗ್ಗಿದ ಹೃದಯದ ಕಾಯಿಲೆಯಿಂದ ಪೂರ್ತಿ ಚೇತರಿಸಿಕೊಂಡ 51 ಜನರ ಮೇಲೆ ಬ್ರಿಟನ್ನಿನಲ್ಲಿ ಇದನ್ನು ನೋಡಿದರು. ಮಾತ್ರೆ ನಿಲ್ಲಿಸಿದ 25 ಜನರಲ್ಲಿ 11 ಜನಕ್ಕೆ ಆರು ತಿಂಗಳೊಳಗೆ ಕಾಯಿಲೆ ಮರಳಿತು. ಮುಂದುವರಿಸಿದ 26 ಜನರಲ್ಲಿ ಒಬ್ಬರಿಗೂ ಇಲ್ಲ. ಚಿಕ್ಕಪ್ಪನ ಕಾಯಿಲೆಯ ಮೂಲ ಬೇರೆ, ಆದರೂ ಈ ಲೆಕ್ಕ ಹೇಳಿದ ಮೇಲೆ ಅವರು ಡಬ್ಬಿ ಮುಟ್ಟಿ ನೋಡಿಕೊಂಡರು. ಈಗ ಅವರ ಪಂಪಿಂಗ್ 38.

ಆ ರಾತ್ರಿ ಸೋಡಾ ಕುಡಿಯದೆ ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದರೆ ಈ ಲೆಕ್ಕವೇ ಬೇಕಿರಲಿಲ್ಲವೇನೋ. ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ದೊಡ್ಡಾಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ, ಹೃದಯಾಘಾತ ಅಂತಾದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಬಿಟ್ಟಿ ಕೊಡುತ್ತಾರೆ. 2025ರ ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಿನ ಜಾವವೇ ಕ್ಯೂ ನಿಂತಿತ್ತು. ಏನೂ ಆಗದವರೆಲ್ಲ ಅಲ್ಲಿ ನಿಂತಿದ್ದರು. ಎದೆ ಉರಿದವರು ಮನೆಯಲ್ಲಿ ಸೋಡಾ ಕುಡಿಯುತ್ತಾರೆ.

ಮಂಡಿ ಮೊಹಲ್ಲಾದ ಹಳೇ ರಿಜಿಸ್ಟರ್

‘ನಂಗೇ ಯಾಕ್ ಬಂತು ಇದು?’ ಇದು ಚಿಕ್ಕಪ್ಪನ ಕೊನೆಯ ಪ್ರಶ್ನೆ. ಬೀಡಿ ಸೇದುತ್ತಿದ್ದರು, ಬಿಪಿ ಇತ್ತು. ಅಷ್ಟೇ ಸಾಕು ಕಾರಣಕ್ಕೆ. ಆದರೆ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದ ದೇಶದವರಿಗಿಂತ ಐದಾರು ವರ್ಷ ಬೇಗ ಬರುತ್ತದೆ ಅಂತ 52 ದೇಶಗಳ ದೊಡ್ಡ ಅಧ್ಯಯನವೊಂದು ತೋರಿಸಿದೆ. ಇದಕ್ಕೆ ಒಂದು ಸುಳಿವು ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ. ಮೈಸೂರಿನವರಿಗೇ ಈ ವಿಷಯ ಗೊತ್ತಿಲ್ಲ.

ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಾವೆಲ್ಲ ಮಿಷನ್ ಆಸ್ಪತ್ರೆ ಅನ್ನುವುದು. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆ ಸುತ್ತಳತೆ, ಜೊತೆಗೆ ತಾಯಿಯ ತೂಕವನ್ನೂ ನರ್ಸುಗಳು ಬರೆದಿಟ್ಟಿದ್ದರು. ಡೇವಿಡ್ ಬಾರ್ಕರ್ ಅನ್ನುವ ಇಂಗ್ಲೆಂಡಿನ ವೈದ್ಯರು, ಹುಟ್ಟುವಾಗಿನ ತೂಕಕ್ಕೂ ಮುಂದೆ ಬರುವ ಹೃದ್ರೋಗಕ್ಕೂ ನಂಟಿದೆ ಅಂತ ತಮ್ಮ ದೇಶದ ದಾಖಲೆಗಳಿಂದ ಹೇಳಿದ್ದರು. ನಮ್ಮಂಥ ಕಡೆಯೂ ಅದು ನಿಜವೇ? ಅವರ ತಂಡ ಮಿಷನ್ ಆಸ್ಪತ್ರೆಯ ರಿಜಿಸ್ಟರ್ ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಇನ್ನೂ ಅದೇ ಸುತ್ತಮುತ್ತ ಇದ್ದ 517 ಜನರನ್ನು ಹುಡುಕಿ ತೆಗೆದು ತಪಾಸಣೆ ಮಾಡಿತು. ಅದರ ಲೆಕ್ಕ 1996ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಮ್ಮಿ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಜನರಿಗೆ ಹೃದ್ರೋಗ ಇತ್ತು. ಮೂರು ಕಿಲೋ ಮೇಲೆ, ದಪ್ಪಗೆ ಹುಟ್ಟಿದವರಲ್ಲಿ 3. ಮಗುವೂ ಸಣ್ಣದು, ಬಸುರಿಯಲ್ಲಿ ತಾಯಿಯೂ 45 ಕಿಲೋಗಿಂತ ಕಮ್ಮಿ ಅಂತಾದರೆ 20.

ಹೊಟ್ಟೆಯಲ್ಲಿದ್ದಾಗ ಊಟ ಸಾಲದೆ ಹೋದರೆ ಮಗು ಮೆದುಳನ್ನು ಮೊದಲು ನೋಡಿಕೊಳ್ಳುತ್ತದೆ, ಉಳಿದ ಅಂಗಗಳಿಗೆ ಬಂದದ್ದರಲ್ಲಿ ಸುಧಾರಿಸು ಅನ್ನುತ್ತದೆ ಅನ್ನುವುದು ಬಾರ್ಕರ್ ಅವರ ವಿವರಣೆ. ಇದು ಹಣೆಬರಹ ಅಲ್ಲ. 517 ದೊಡ್ಡ ಸಂಖ್ಯೆಯೂ ಅಲ್ಲ, ಸಣ್ಣಗೆ ಹುಟ್ಟಿದವರಲ್ಲೂ ಹತ್ತರಲ್ಲಿ ಒಂಬತ್ತು ಜನ ಚೆನ್ನಾಗಿಯೇ ಇದ್ದರು. ದಪ್ಪ ಹುಟ್ಟಿದರೆ ಎಲ್ಲ ಸರಿ ಅಂತಲೂ ಇಲ್ಲ, ಅದೇ ಮೈಸೂರಿನ ದಾಖಲೆಗಳಲ್ಲಿ ಗಿಡ್ಡಗೆ, ಗುಂಡಗೆ ಹುಟ್ಟಿದವರಿಗೆ ಮುಂದೆ ಸಕ್ಕರೆ ಕಾಯಿಲೆ ಜಾಸ್ತಿ ಕಂಡಿದೆ. ಹೆಸರೂ ಗೊತ್ತಿಲ್ಲದ ಆ ನರ್ಸುಗಳು, ಹೆರಿಗೆ ಕೋಣೆಯ ಗಲಾಟೆಯಲ್ಲೂ ಪೌಂಡು, ಔನ್ಸು ಬಿಡದೆ ಬರೆದಿಟ್ಟರಲ್ಲ, ಅದನ್ನು ನೆನೆಸಿಕೊಂಡರೆ ನನಗೆ ಬೈವಾಕರ್‌ಗಿಂತ ಜಾಸ್ತಿ ಖುಷಿಯಾಗುತ್ತದೆ.

ಚಿಕ್ಕಪ್ಪ ಹುಟ್ಟಿದ್ದು ಮನೆಯಲ್ಲಿ, ತೂಕ ನೋಡಿದವರಿಲ್ಲ. ‘ಅವ್ವ ಹೇಳೋಳು, ಮೊರದಲ್ಲಿ ಮಲಗಿಸಿದ್ರೆ ಕಾಣ್ತಾನೇ ಇರ್ಲಿಲ್ವಂತೆ’ ಅಂದರು. ಆಗ ಅವರ ಸೊಸೆಗೆ ಏಳು ತಿಂಗಳು.

ಮೊನ್ನೆ ರಾತ್ರಿ ಫೋನ್ ಬಂತು. ಹೆಣ್ಣುಮಗು, ಮಂಡ್ಯದಲ್ಲಿ ಹೆರಿಗೆ. ತಾಯಿ ಮಗು ಚೆನ್ನಾಗಿದ್ದಾರೆ ಅಂತ ಬೇರೆಯವರು ಹೇಳುವ ಮೊದಲೇ ಚಿಕ್ಕಪ್ಪ ಫೋನ್ ಕಿತ್ತುಕೊಂಡಿದ್ದು ಕೇಳಿಸಿತು. ‘ತಾಯಿ ಕಾರ್ಡ್‌ನಾಗೆ ಬರೆಸ್ದೆ ಕಣ್ ಮಗ. ಎಲ್ಡ್ ಕಿಲೋ ಒಂಬೈನೂರು.’